ನಮ್ಮ ಬಚ್ಚಲದ ಬಾಯ್ಲರಿಗೆ ನಿಮ್ಮ ಸೀಲು

(ನೀರಾವರಿ ಕ್ಯಾಂಪಿನ ಕ್ವಾರ್ಟರ್ಸುಗಳ ಉಸ್ತುವಾರಿ ಹೊತ್ತ ಎಂಜಿನಿಯರ್ ಸಾಹೇಬರಿಗೆ)

ಮಾನ್ಯರೇ,

ನಮ್ಮ ಬಚ್ಚಲಮನೆಯ ಬಾಯ್ಲರಿನ ಮೇಲೆ ನೀವು ಹೊಡೆಸಿದ್ದ ತಗಡನ್ನು ಕಿತ್ತವಳು ನಾನೇ. ಅದರ ಹಿಂದಿನ ಗುಂಡಿಯನ್ನು ಕೆಳಕ್ಕೆ ತಿರುವಿದವಳೂ ನಾನೇ. ಬರುವ ಸೋಮವಾರದೊಳಗೆ ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದು ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಮನೆ ಖಾಲಿ ಮಾಡಬೇಕು ಎಂಬ ನಿಮ್ಮ ನೋಟಿಸು ಮುಟ್ಟಿದೆ. ಗುಂಡಿಯನ್ನು ಮೇಲಕ್ಕೆ ಒಯ್ಯುವುದಿಲ್ಲ. ತಪ್ಪೊಪ್ಪಿಗೆಯನ್ನೂ ಬರೆಯುವುದಿಲ್ಲ. ಈ ಮಾತನ್ನು ಕಚೇರಿಗೆ ಬಂದೇ ಹೇಳಬಹುದಿತ್ತು. ಆದರೆ ಅಲ್ಲಿಗೆ ಮೊದಲೇ ಕೊಟ್ಟ ನನ್ನ ಅರ್ಜಿಗಳು ಯಾವ ಕಡತದಡಿ ಮಲಗಿವೆಯೋ ಯಾರಿಗೂ ತಿಳಿಯದು. ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು, ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಇಂಡಿ ತಾಲೂಕಿನ ಲಚ್ಯಾಣದ ಮಗಳು. ಅಲ್ಲಿಯ ಮಠದ ನೆರಳಿನಲ್ಲಿ ಬೆಳೆದು ಏಳನೆಯ ಇಯತ್ತೆಯವರೆಗೆ ಕಲಿತವಳು. ವಯಸ್ಸು ಐವತ್ತು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ, ಮಾತು ತಪ್ಪಿದ್ದರೆ ಮಾತ್ರ ಜಗಳಕ್ಕೆ ಬನ್ನಿ. ನಮ್ಮ ಮನೆಯವರು ಮುದ್ದೇಬಿಹಾಳ ತಾಲೂಕಿನ ಈ ಕ್ಯಾಂಪಿನಲ್ಲಿ ಪಂಪು ನಡೆಸುವ ಕೆಲಸದಲ್ಲಿದ್ದಾರೆ. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ನಿಮ್ಮ ನೋಟಿಸಿನ ಮೇಲೆಯೇ ಇದೆ, ನೋಡಿಕೊಳ್ಳಿ. ಮನೆಯಲ್ಲಿ ನಾವಿಬ್ಬರು, ನಮ್ಮ ಅತ್ತೆ ದಾನವ್ವ, ಮತ್ತು ಚೊಚ್ಚಲ ಹೆರಿಗೆಗೆಂದು ಬಸವನ ಬಾಗೇವಾಡಿಯಿಂದ ಬಂದಿರುವ ಮಗಳು ಶೈಲಶ್ರೀ. ದಿನ ತುಂಬಿದೆ. ಇವತ್ತೋ ನಾಳೆಯೋ ಈ ಮನೆಗೊಂದು ಕೂಸು ಬರುತ್ತದೆ, ಅದಕ್ಕೆ ಈ ಬಚ್ಚಲದಲ್ಲಿಯೇ ಎರೆಯಬೇಕು. ನಾನು ಗುಂಡಿ ಬಿಟ್ಟುಕೊಡದಿರುವುದು ಅದಕ್ಕಾಗಿ. ಬಾಕಿ ಎಲ್ಲ ಅದರ ವಿವರಣೆ ಮಾತ್ರ.

ಮೊದಲು ಈ ಕ್ವಾರ್ಟರ್ಸುಗಳಲ್ಲಿ ಮನೆಗೊಂದು ಹಂಡೆ ಇತ್ತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಹಾಕಿ ನೀರು ಕಾಯಿಸುತ್ತಿದ್ದೆವು. ಹೊಗೆಯಿಂದ ಸರ್ಕಾರದ ಗೋಡೆ ಕಪ್ಪಾಗುತ್ತದೆ ಎಂದು ನೀವು ಒಲೆ ಒಡೆಸಿದಿರಿ. ಬದಲಿಗೆ ಕರೆಂಟಿನ ಬಾಯ್ಲರು ಕೂಡಿಸಿದಿರಿ. ಸುಳ್ಳೇಕೆ ಹೇಳಲಿ, ಅಂದು ನಿಮ್ಮನ್ನು ಹರಸಿದವರಲ್ಲಿ ನಾನೂ ಒಬ್ಬಳು. ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವಳಿಗೆ ಕರೆಂಟು ಬಂದೊಡನೆ ನೀರು ಕಾಯುವುದೆಂದರೆ ಸಣ್ಣ ಮಾತೇ? ಬಾಯ್ಲರಿಗೆ ಊದಿನಕಡ್ಡಿ ಬೆಳಗಿ ನಮಸ್ಕಾರ ಮಾಡಿದ್ದೆ. ಅದರ ಹೊಟ್ಟೆಯ ಮೇಲೊಂದು ಗುಂಡಿ, ಗುಂಡಿಯ ಸುತ್ತ ಮೂವತ್ತರಿಂದ ಎಪ್ಪತ್ತೈದರವರೆಗೆ ಅಂಕಿ. ತಿರುವಿದ ಅಂಕಿಗೆ ಕಾದು ತಾನಾಗಿಯೇ ನಿಲ್ಲುತ್ತದೆ, ಬೇಕಾದಷ್ಟೇ ಇಟ್ಟುಕೊಳ್ಳಿರಿ ಎಂದು ಕೂಡಿಸಲು ಬಂದವರು ಹೇಳಿಕೊಟ್ಟಿದ್ದರು. ಎಂಥ ಒಳ್ಳೆಯ ಮಾತು, ಬೇಕಾದಷ್ಟೇ ಎನ್ನುವುದು.

ಆ ಮಾತು ನಿಮಗೆ ಸರಿಬರಲಿಲ್ಲ. ಹೆಣ್ಣುಮಕ್ಕಳು ಗುಂಡಿ ತಿರುವಿ ತಿರುವಿ ಕೆಡಿಸುತ್ತಾರೆ, ಕರೆಂಟು ಇರುವ ಹೊತ್ತಿನಲ್ಲಿಯೇ ನೀರನ್ನು ಪೂರ್ತಿ ಕಾಯಿಸಿಟ್ಟರೆ ಇಲ್ಲದ ಹೊತ್ತಿಗೂ ಸಾಲುತ್ತದೆ ಎಂದು ಆದೇಶ ಹೊರಡಿಸಿದಿರಿ. ಎರಡನೆಯ ಕಾರಣದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ನಮ್ಮ ಕಡೆ ಕರೆಂಟು ಬೀಗರ ಹಾಗೆ; ಬಂದಾಗ ಉಪಚಾರ ಮಾಡಬೇಕು, ಯಾವಾಗ ಎದ್ದು ಹೋಗುತ್ತದೋ ಕೇಳುವಂತಿಲ್ಲ. ಆದರೆ ಎಲ್ಲ ಮನೆಯ ಗುಂಡಿಯನ್ನೂ ಎಪ್ಪತ್ತೈದಕ್ಕೆ ಒಯ್ದು, ಮೇಲೆ ತಗಡು ಹೊಡೆದು, ತಗಡಿಗೆ ಸೀಸದ ಸೀಲು ಒತ್ತಿಸಿದಿರಲ್ಲ, ಅದಕ್ಕೆ ಯಾವ ಹುರುಳು? ಕ್ಯಾಂಪಿನ ವೈರ್‌ಮನ್ ನಬಿಲಾಲ ನಮ್ಮ ಮನೆಗೆ ತಗಡು ಹಿಡಿದು ಬಂದ ದಿನ, ಇಷ್ಟು ಬಿಸಿ ನಮಗೆ ಬೇಡಪ್ಪ, ನಡುವೆ ಇಟ್ಟು ಹೊಡಿ ಎಂದು ಕೇಳಿಕೊಂಡೆ. ಅವನು ಪಾಪ ತಲೆ ಎತ್ತಲಿಲ್ಲ. “ನನ್ನ ಕೈಯಾಗ ಪಾನಾ ಐತ್ರಿ ಹೊನ್ನಕ್ಕಾ, ಅಧಿಕಾರ ಇಲ್ಲರಿ” ಎಂದು ಆ ಪಾನಾದಿಂದಲೇ ತಿರುಪುಮೊಳೆ ಬಿಗಿದು ಹೋದ.

ಇಲ್ಲೊಂದು ಪದ್ಧತಿಯ ಮಾತು ಹೇಳಬೇಕು. ಸಿಂದಗಿ, ಇಂಡಿ ಕಡೆಯ ಓದುಗರಿಗೆ ಗೊತ್ತಿದ್ದದ್ದೇ. ಸಾಹೇಬರು ದೂರದ ಊರಿನವರು, ಅವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಬಕೀಟಿಗೆ ಬಿಸಿನೀರು ಮೊದಲು, ತಣ್ಣೀರು ಆಮೇಲೆ. ತಣ್ಣೀರು ಹಾಕಿ ಅದರ ಮೇಲೆ ಬಿಸಿನೀರು ಬೆರೆಸುವುದು ಹೆಣಕ್ಕೆ ಎರೆಯುವಾಗ ಮಾತ್ರ. ಬದುಕಿದ್ದವರಿಗೆ ಹಾಗೆ ಬೆರೆಸಿಕೊಟ್ಟರೆ ಅದು ಶಾಪ ಹಾಕಿದಂತೆ. ಹಂಡೆಯ ಕಾಲದಲ್ಲಿ ಇದರಿಂದ ಯಾರಿಗೂ ಕೇಡಾಗಿರಲಿಲ್ಲ. ಹಂಡೆಯ ಪಕ್ಕದ ಕಟ್ಟೆಯ ಮೇಲೆ ತಣ್ಣೀರು ತುಂಬಿದ ಮಣ್ಣಿನ ಹರಿವಿ ಇರುತ್ತಿತ್ತು. ಒಂದು ಕೈ ಹಂಡೆಗೆ, ಒಂದು ಕೈ ಹರಿವಿಗೆ, ಅಲ್ಲಿಯೇ ಬೆರೆಸಿ ಮುಗಿಯುತ್ತಿತ್ತು. ನೀವು ಒಲೆಯ ಜೊತೆ ಆ ಕಟ್ಟೆಯನ್ನೂ ಒಡೆಸಿ, ಆ ಜಾಗಕ್ಕೆ ತಣ್ಣೀರಿನ ನಲ್ಲಿ ಕೂಡಿಸಿದಿರಿ. ಹೊಳೆಯುವ ನಲ್ಲಿ. ಅದರೊಳಗಿನಿಂದ ಇವತ್ತಿನವರೆಗೆ ಒಂದು ಹನಿ ನೀರು ಬಿದ್ದಿಲ್ಲ, ಏಕೆಂದರೆ ಅದಕ್ಕೆ ಪೈಪು ಜೋಡಿಸುವುದನ್ನೇ ನಿಮ್ಮ ಗುತ್ತಿಗೆದಾರ ಮರೆತಿದ್ದಾನೆ. ಊರೂರಿಗೆ ನೀರು ಎತ್ತಿ ಕೊಡುವ ಕ್ಯಾಂಪಿನಲ್ಲಿ ನಮ್ಮ ಬಚ್ಚಲಕ್ಕೆ ತಣ್ಣೀರಿಲ್ಲ. ಅಂಗಳದ ಪೀಪಾಯಿಯಿಂದ ಕೊಡದಲ್ಲಿ ತರಬೇಕು. ಅಲ್ಲಿಗೆ ಹೋಗಿ ಬರುವವರೆಗೆ ಕುದಿಯಲು ಸ್ವಲ್ಪವೇ ಕಡಿಮೆ ಇರುವ ನೀರು ಬಕೀಟಿನಲ್ಲಿ ಒಂಟಿಯಾಗಿ ಕಾಯುತ್ತಿರುತ್ತದೆ.

ಹಾಗೆ ಕಾಯುತ್ತಿದ್ದಾಗ ನಮ್ಮ ಅತ್ತೆ ಒಳಗೆ ಹೋದರು. ಅವರಿಗೆ ಕಣ್ಣು ಮಂಜು. ಆದರೆ ತಮ್ಮ ಸ್ನಾನ ತಾವೇ ಮಾಡಿಕೊಳ್ಳಬೇಕು, ಮಣೆಯ ಮೇಲೆ ಕೂತು ತಮ್ಮ ಲಿಂಗಪೂಜೆ ತಾವೇ ಮಾಡಿಕೊಳ್ಳಬೇಕು. ಅದಾಗದೆ ಬಾಯಿಗೆ ಹನಿ ನೀರು ಮುಟ್ಟಿಸುವವರಲ್ಲ. ಸೊಸೆ ಬಕೀಟು ತುಂಬಿಸಿಟ್ಟಳೆಂದರೆ ನೀರು ಬೆರೆತಿದೆ ಎಂದೇ ಅವರ ಜೀವಮಾನದ ಲೆಕ್ಕ. ನಾನು ಅಂಗಳದಲ್ಲಿ ಕೊಡ ಬಾಗಿಸುತ್ತಿದ್ದೆ. ಒಂದು ತಂಬಿಗೆ ತುಂಬಿ ತೊಡೆಯ ಮೇಲೆ ಸುರಿದುಕೊಂಡ ಸದ್ದು ಕೇಳಿತು, ಆಮೇಲೆ ತಂಬಿಗೆ ಬಿದ್ದ ಸದ್ದು. ಅವರು ಕೂಗಲಿಲ್ಲ. ನಾನು ಓಡಿ ಹೋದಾಗ ಗೋಡೆ ಹಿಡಿದು ನಿಂತು “ಶಿವನೇ, ಶಿವನೇ” ಎನ್ನುತ್ತಿದ್ದರು. ಬಲಗಾಲಿನ ತೊಡೆಯಿಂದ ಪಾದದವರೆಗೆ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಸರಿದಿತ್ತು.

ನಿಮ್ಮ ಕ್ಯಾಂಪಿನ ಜೀಪಿನಲ್ಲಿಯೇ ಮುದ್ದೇಬಿಹಾಳದ ದವಾಖಾನೆಗೆ ಒಯ್ದೆವು. ಜೀಪು ಕೊಟ್ಟಿರಿ, ಆ ಉಪಕಾರ ಮರೆಯುವುದಿಲ್ಲ. ಗಾಯ ಮಾಗಿತು. ಆದರೆ ಮಾಗುವವರೆಗೆ ಅವರಿಗೆ ಕಾಲು ಮಡಿಚಿ ಕೂಡ್ರಲಾಗಲಿಲ್ಲ. ಮದುವೆಯಾಗಿ ಬಂದಂದಿನಿಂದ ನಾನು ನೋಡಿದ್ದೇನೆ, ಜ್ವರ ಬಂದಾಗಲೂ, ಮನೆಯಲ್ಲಿ ಸಾವಾದಾಗಲೂ ಅವರು ಮಣೆ ತಪ್ಪಿಸಿದವರಲ್ಲ. ಆಗ ಮಂಚದ ಮೇಲೆ ಒರಗಿ, ಕಾಲು ಚಾಚಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿಕೊಳ್ಳುವಾಗ ಅವರ ಕಣ್ಣಲ್ಲಿ ನೀರು. ನೋವಿಗೆ ಅತ್ತವರಲ್ಲ ಅವರು. ಲಿಂಗಯ್ಯನ ಎದುರು ಕಾಲು ಚಾಚಿದೆನಲ್ಲ ಎಂದು ಅತ್ತರು. ಸುಟ್ಟ ಚರ್ಮಕ್ಕೆ ದವಾಖಾನೆಯಲ್ಲಿ ಮುಲಾಮು ಇತ್ತು. ಇದಕ್ಕೆ ನಿಮ್ಮ ಇಲಾಖೆಯಲ್ಲಿ ಯಾವ ಮುಲಾಮು ಇದೆ?

ವಿಚಾರಣೆಗೆ ನಿಮ್ಮ ಕಿರಿಯ ಅಧಿಕಾರಿಯನ್ನು ಕಳಿಸಿದಿರಿ. ಬಂದರು, ಕುರ್ಚಿಯ ಮೇಲೆ ಕೂತು ಚಹಾ ಕುಡಿದರು, ಬಚ್ಚಲದ ಬಾಗಿಲಲ್ಲಿಯೇ ನಿಂತು ಇಣುಕಿದರು. ಒಳಗೆ ಹೋದರೆ ಬೂಟು ತೋಯುತ್ತಿತ್ತು. ಒಣನಲ್ಲಿಯನ್ನು ತೋರಿಸಿದೆ, ಅದು ಬೇರೆ ವಿಭಾಗದ್ದು ಅಂದರು. ಗುಂಡಿಯ ಮಾತೆತ್ತಿದೆ, ಅದು ಆದೇಶದಲ್ಲಿದೆ ಅಂದರು. ಆಮೇಲೆ ತಮ್ಮ ಊರಿನ ನಯವಾದ ಮಾತಿನಲ್ಲಿ ನನ್ನನ್ನೇ ಕೇಳಿದರು: “ಅಲ್ಲಮ್ಮ, ತಣ್ಣೀರು ಮೊದಲು ಹಾಕಿಟ್ಟಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ ಅಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಮಂಚದ ಮೇಲಿಂದ ನಮ್ಮ ಅತ್ತೆ ಉತ್ತರ ಕೊಟ್ಟರು. “ಸತ್ತ ಮ್ಯಾಲ ಹಂಗ ಹಾಕ್ಯಾರ ತಮ್ಮಾ. ಈಗಿನ್ನೂ ಉಸರಾಡಾಕತ್ತೇನಿ.”

ಅಧಿಕಾರಿ ಅದನ್ನೂ ಬರೆದುಕೊಂಡರು. ವರದಿಯಲ್ಲಿ ಅದು ಏನಾಗಿ ಬಂತೆಂದರೆ, ನಿವಾಸಿಗಳ ಅಜಾಗರೂಕತೆ ಮತ್ತು ಮೂಢನಂಬಿಕೆಯೇ ಅವಘಡಕ್ಕೆ ಕಾರಣ, ಉಪಕರಣದಲ್ಲಿ ದೋಷವಿಲ್ಲ. ಇರಲಿ ಸಾಹೇಬರೇ. ನಮ್ಮದು ಮೂಢನಂಬಿಕೆಯೇ ಎಂದಿಟ್ಟುಕೊಳ್ಳೋಣ. ಆದರೆ ನಿಮ್ಮದೊಂದು ನಂಬಿಕೆ ಇದೆಯಲ್ಲ, ಅದಕ್ಕೇನು ಹೆಸರು? ಚೊಚ್ಚಲ ಕೂಸಿಗೂ, ಎಂಬತ್ತರ ಮುದುಕಿಗೂ, ಹೊಲದಲ್ಲಿ ದುಡಿದು ಬಂದ ಗಟ್ಟಿ ಮೈಗೂ ಒಂದೇ ಬಿಸಿಯ ನೀರು ಸಾಕು ಎಂಬ ನಂಬಿಕೆ? ಆ ಬಿಸಿ ಎಷ್ಟಿರಬೇಕೆಂಬುದು ಮೈ ತೊಳೆಯುವವರಿಗಿಂತ ಕಡತ ತೊಳೆಯುವವರಿಗೆ ಹೆಚ್ಚು ಗೊತ್ತು ಎಂಬ ನಂಬಿಕೆ? ನಮ್ಮ ನಂಬಿಕೆಗೆ ಅಜ್ಜ ಮುತ್ತಜ್ಜರ ಸಾಕ್ಷಿಯಾದರೂ ಉಂಟು. ನಿಮ್ಮದಕ್ಕೆ ಬರೀ ಸೀಸದ ಸೀಲು.

ನೀರು ಯಾವುದರ ಮೇಲೆ ಯಾವುದು ಬೀಳಬೇಕೆಂಬುದನ್ನು ನಾನು ಬದಲಿಸುವುದಿಲ್ಲ. ಇಸವಿ ಎರಡು ಸಾವಿರ ದಾಟಿತು, ಇನ್ನೂ ಇದನ್ನೇ ಹಿಡಿದು ಕೂತಿದ್ದೀರಾ ಎಂದು ಯಾರಾದರೂ ನಕ್ಕರೆ ನಗಲಿ. ನನ್ನ ಅತ್ತೆಗೆ ಬದುಕಿದ್ದಾಗಲೇ ಹೆಣದ ನೀರು ಬೆರೆಸಿಕೊಡು ಎಂದರೆ ಈ ಕೈ ಏಳುವುದಿಲ್ಲ. ಬದಲಿಸಲು ಬರುವಂಥದ್ದು ಆ ಬಚ್ಚಲದಲ್ಲಿ ಇನ್ನೊಂದಿತ್ತು, ತಿರುಗಲಿಕ್ಕೆಂದೇ ಹುಟ್ಟಿದ ಗುಂಡಿ. ಅರ್ಜಿ ಕೊಟ್ಟು ಕಾದೆ. ಉತ್ತರ ಬರಲಿಲ್ಲ. ಮಗಳು ಹೆರಿಗೆಗೆ ಬಂದಳು. ಅವಳು ಬಚ್ಚಲದ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತದ್ದನ್ನು ನೋಡಿ, ಈಳಿಗೆಯ ತುದಿಯಿಂದ ತಗಡಿನ ಮೊಳೆ ಬಿಚ್ಚಿದೆ. ಸೀಲು ಹರಿಯಿತು. ಮೇಲಿಂದ ಸಿಡಿಲೇನೂ ಬೀಳಲಿಲ್ಲ.

ಎಷ್ಟಕ್ಕೆ ಇಡಬೇಕೆಂದು ನನಗೂ ಗೊತ್ತಿರಲಿಲ್ಲ, ಆ ಅಂಕಿಗಳ ಅರ್ಥ ನಾನು ಕಲಿತವಳಲ್ಲ. ಆದರೆ ಕೇಳಲು ಮನೆಯಲ್ಲಿ ಒಬ್ಬರಿದ್ದರು. ದಿನವೂ ಒಂದಿಷ್ಟು ಕೆಳಗೆ ತಿರುವುವುದು, ಬಕೀಟು ತುಂಬಿಸಿ ಅತ್ತೆಯ ಮಂಚದ ಹತ್ತಿರ ಒಯ್ಯುವುದು, ಅವರು ಅಂಗೈ ಚಾಚಿ ಆವಿಯ ಕಾವು ನೋಡಿ, ಆಮೇಲೆ ಬೆರಳ ತುದಿ ತಾಗಿಸಿ ತೀರ್ಪು ಕೊಡುವುದು. ಮೊದಲ ದಿನ, “ಇದು ಚಹಾದ ನೀರು, ಪುಡಿ ಹಾಕು” ಅಂದರು. ಮತ್ತೆ ತಿರುವಿದೆ. “ಇದು ಭಾಂಡಿ ತಿಕ್ಕೂ ನೀರು.” ಮತ್ತೆ ತಿರುವಿದೆ. ಒಂದು ದಿನ ಕೈಯನ್ನು ಮೊಣಕೈವರೆಗೆ ಅದ್ದಿ, “ಈಗ ಬಂತ ನೋಡವ್ವಾ ಮೈ ನೀರು” ಅಂದರು. ಆ ಜಾಗಕ್ಕೆ ಗುಂಡಿಯ ಅಂಚಿನಲ್ಲಿ ವಿಭೂತಿ ಒದ್ದೆ ಮಾಡಿ ಒಂದು ಗೆರೆ ಎಳೆದೆ. ಬಾಣಂತಿಯ ಮೈಗೆ ಅದು ಸಾಲದು, ನಮ್ಮಲ್ಲಿ ಬಾಣಂತಿಗೆ ಬಿಸಿಬಿಸಿಯೇ ಎರೆಯಬೇಕು; ಅದಕ್ಕೆ ಸ್ವಲ್ಪ ಮೇಲೆ ಕುಂಕುಮದ ಬೊಟ್ಟು ಇಟ್ಟೆ. ಕೂಸಿನದು ವಿಭೂತಿಗಿಂತಲೂ ಕೆಳಗೆ. ಅಲ್ಲಿಗೊಂದು ಅರಿಷಿಣದ ಬೊಟ್ಟು. ಪದ್ಧತಿ ತಪ್ಪಿಸಿಲ್ಲ, ಮೈ ನೀರಿಗೂ ಒಂದು ತಂಬಿಗೆ ತಣ್ಣೀರು ಆಮೇಲೆ ಬೆರೆಸುತ್ತೇನೆ. ಬೆರೆಸಲು ತಡವಾದರೂ ಯಾರೂ ಸುಡುವುದಿಲ್ಲ, ಅಷ್ಟೇ. ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ನೀರು ಮೊದಲಿನಷ್ಟು ಬೆರಕೆ ತಾಳುವುದಿಲ್ಲ. ಕೊನೆಗೆ ಸ್ನಾನ ಮಾಡುವವರಿಗೆ ಉಗುರುಬೆಚ್ಚಗಿನದೇ ಗತಿ. ನಮ್ಮ ಮನೆಯವರು ಗೊಣಗುತ್ತಾರೆ. ಗೊಣಗಿದ್ದಕ್ಕೆ ದವಾಖಾನೆಗೆ ಹೋಗಬೇಕಾಗಿಲ್ಲ.

ಸುದ್ದಿ ಕ್ವಾರ್ಟರ್ಸುಗಳ ಲೈನಿನ ತುಂಬ ಹರಿಯಿತು. ನೋಡಲು ಬಂದವರಲ್ಲಿ ನಿಮ್ಮ ನಬಿಲಾಲನ ಹೆಂಡತಿ ಖಾತುನಬಿಯೂ ಇದ್ದಳು. ಅವಳ ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ. ಗುಂಡಿಯ ಬೊಟ್ಟುಗಳನ್ನು ನೋಡಿ, “ನಮ್ಮಲ್ಲಿ ಕುಂಕುಮ ನಡೆಯೂದಿಲ್ಲ ಅಕ್ಕಾ, ನಾ ಮೆಹಂದಿ ಹಚ್ಚತೇನಿ” ಎಂದು ನಕ್ಕು ಈಳಿಗೆ ಕೇಳಿ ಒಯ್ದಳು. ಕ್ಯಾಂಪಿಗೆಲ್ಲ ತಗಡು ಹೊಡೆದವನು ಸಂಜೆ ಮನೆಗೆ ಹೋಗಿ ತನ್ನ ಬಚ್ಚಲದ ತಗಡು ಮೂಲೆಯಲ್ಲಿ ಬಿದ್ದಿರುವುದನ್ನು ಕಂಡನಂತೆ. ಆ ದಿನ ಸ್ನಾನ ಬಹಳ ಹೊತ್ತು ಮಾಡಿದನಂತೆ. ಅವನ ಮೇಲೆ ನೋಟಿಸು ಕಳಿಸಬೇಡಿ, ಈಳಿಗೆ ಕೊಟ್ಟವಳು ನಾನು.

ಈಗ ನಿಮ್ಮ ನೋಟಿಸು. ಸರ್ಕಾರಿ ಉಪಕರಣವನ್ನು ವಿರೂಪಗೊಳಿಸಿದ್ದು, ಅದರ ಮೇಲೆ ಧಾರ್ಮಿಕ ಗುರುತು ಹಾಕಿದ್ದು ಎಂದು ಅಪರಾಧ ಬರೆದಿದ್ದೀರಿ. ನಿಮ್ಮ ಅಂಕಿ ನನಗೆ ಓದಲು ಬರುತ್ತದೆ ಸಾಹೇಬರೇ, ಆದರೆ ಮಂಜುಗಣ್ಣಿನವರಿಗೆ ಬೊಟ್ಟು ಕಾಣುತ್ತದೆ, ಅಂಕಿ ಕಾಣುವುದಿಲ್ಲ. ನಮ್ಮ ಮನೆಯವರು ನೋಟಿಸು ಹಿಡಿದು ಬಂದ ದಿನ ಊಟ ಮಾಡಲಿಲ್ಲ. ಜೀವಮಾನದಲ್ಲಿ ಒಂದು ಮೆಮೊ ತಿನ್ನದ ಮನುಷ್ಯ. “ನೌಕರಿ ಮುಗಿಯಾಕ ಬಂದೈತಿ. ಈಗ ಒಂದ ಗುಂಡಿ ಸಲವಾಗಿ ಮನಿ ಬಿಡೂದೇನ?” ಎಂದು ಕೇಳಿದರು. “ಗುಂಡಿ ಸಲವಾಗಿ ಅಲ್ರಿ, ಮೊಮ್ಮಗುವಿನ ಮೈ ಸಲವಾಗಿ” ಅಂದೆ. ಅವರು ತಾಯಿಯ ಮಂಚದ ಕಡೆ ನೋಡಿದರು. ಆಮೇಲೆ ತಪ್ಪೊಪ್ಪಿಗೆಗೆಂದು ತಂದ ಹಾಳೆಯನ್ನು ಮಡಿಚಿ, ನಿನಗೆ ತಿಳಿದದ್ದನ್ನು ನೀನು ಬರಿ ಎಂದು ನನ್ನ ಕೈಗೆ ಕೊಟ್ಟರು. ಈ ಪತ್ರದ ಮೊದಲ ಹಾಳೆ ಅದೇ.

ನಡುವೆ ಒಂದು ರಾಜಿಯ ಮಾತೂ ಬಂತು. ನಿಮ್ಮ ಕಿರಿಯ ಅಧಿಕಾರಿಯೇ ದಾರಿಯಲ್ಲಿ ನಮ್ಮ ಮನೆಯವರನ್ನು ನಿಲ್ಲಿಸಿ, ಬೇಕಾದರೆ ನಿಮ್ಮ ಮನೆಯ ಗುಂಡಿಯನ್ನು ಐವತ್ತಕ್ಕಿಟ್ಟು ಸೀಲು ಹಾಕೋಣ, ಕ್ಷಮಾಪಣೆ ಮಾತ್ರ ಬರೆದುಕೊಡಿ ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ನನಗೆ ಬೇಡ. ಐವತ್ತಕ್ಕೆ ಸೀಲು ಹಾಕಿದರೆ ನನ್ನ ಬಾಣಂತಿಗೆ ಕಡಿಮೆ, ನನ್ನ ಕೂಸಿಗೆ ಹೆಚ್ಚು. ಒಂದೇ ಮುಂಜಾನೆ, ಒಂದೇ ಬಚ್ಚಲ, ಒಂದೇ ಬಾಯ್ಲರು. ತಾಯಿಗೆ ಎರೆದ ನೀರು ಮಗುವಿಗಾಗದು, ಮಗುವಿಗೆ ಎರೆದ ನೀರು ತಾಯಿಗಾಗದು. ಎರಡರ ನಡುವೆ ಗುಂಡಿ ತಿರುವಲು ದಿನವೂ ನೀವು ಬರುತ್ತೀರಾ? ನಮ್ಮ ಕಾವಲುಗಾರ ಮಶಾಕಸಾಬನ ಮನೆಯಲ್ಲಿ ತುಂಬಿದ ಸಂಸಾರ. ಅವನಿಗೆ ಎಪ್ಪತ್ತೈದೇ ಬೇಕು, ಬೆರೆಸಿ ಬೆರೆಸಿ ಎಲ್ಲರಿಗೂ ಮುಟ್ಟಿಸಬೇಕು. ಇಟ್ಟುಕೊಳ್ಳಲಿ. ಅವನ ಗುಂಡಿಯನ್ನು ನನ್ನ ವಿಭೂತಿಗೆರೆಗೆ ಇಳಿಸಿ ಸೀಲು ಹಾಕಿರೆಂದು ನಾನು ಕೇಳಿದರೆ ನನಗೂ ನಿಮಗೂ ವ್ಯತ್ಯಾಸವೇನು ಉಳಿಯಿತು? ನನ್ನ ತಕರಾರು ಎಪ್ಪತ್ತೈದರ ಮೇಲಲ್ಲ, ಸೀಲಿನ ಮೇಲೆ.

ಇನ್ನೊಂದು ಸಂಗತಿ. ಹೇಳಬಾರದೆಂದುಕೊಂಡಿದ್ದೆ, ಆದರೆ ಶಿವನ ಎದುರು ಮುಚ್ಚಿಡದ್ದನ್ನು ನಿಮ್ಮ ಎದುರು ಏಕೆ ಮುಚ್ಚಿಡಲಿ? ನಿಮ್ಮ ಬಂಗಲೆಯ ಬಾಯ್ಲರಿಗೆ ತಗಡಿಲ್ಲ. ಆದೇಶ ಎಲ್ಲ ಕ್ವಾರ್ಟರ್ಸುಗಳಿಗೆ ಅನ್ವಯ ಎಂದಿದೆ, ಬಂಗಲೆ ಕ್ವಾರ್ಟರ್ಸಿನಲ್ಲಿ ಬರುವುದಿಲ್ಲವೇನೋ. ಅಥವಾ ಬಂಗಲೆಯ ಹೆಣ್ಣುಮಕ್ಕಳ ಕೈಗೆ ಗುಂಡಿ ಕೆಡುವುದಿಲ್ಲ, ನಮ್ಮ ಕೈಗೆ ಕೆಡುತ್ತದೆಯೇ? ನಿಮ್ಮ ಶ್ರೀಮತಿಯವರನ್ನು ನಾನು ದೂರುವುದಿಲ್ಲ. ಅವರೂ ಒಂದು ಮಗುವಿಗೆ ಎರೆದವರು. ಬೇಕೆಂದಾಗ ಬೇಕಾದಷ್ಟಕ್ಕೆ ತಿರುವಿಕೊಂಡೇ ಎರೆದಿರುತ್ತಾರೆ. ಅದನ್ನೇ ನಾನೂ ಮಾಡಿದ್ದೇನೆ. ಅಲ್ಲಿ ಅದು ತಾಯ್ತನ, ಇಲ್ಲಿ ಅದು ಅಪರಾಧ.

ನಾನು ಕೇಳುವುದು ಇಷ್ಟು. ಎಲ್ಲ ಮನೆಗಳ ತಗಡು ತೆಗೆಸಿ, ಗುಂಡಿಯನ್ನು ಆ ಮನೆಯಲ್ಲಿ ನೀರು ಕಾಯಿಸುವವರ ಕೈಗೆ ಬಿಡಿ. ಕೆಡಿಸಿದರೆ ಕೆಡಿಸಿದವರಿಂದ ರಿಪೇರಿ ಮಾಡಿಸಿಕೊಳ್ಳಿ. ಒಣನಲ್ಲಿಗೆ ಪೈಪು ಜೋಡಿಸಿ. ಅದು ಯಾವ ವಿಭಾಗದ್ದೆಂಬುದನ್ನು ನೀವೇ ಹುಡುಕಿಕೊಳ್ಳಿ. ವರದಿಯಲ್ಲಿ ನಮ್ಮ ಅತ್ತೆಯ ಹೆಸರಿನ ಮುಂದೆ ಬರೆದ ಅಜಾಗರೂಕತೆ ಎಂಬ ಶಬ್ದವನ್ನು ಹೊಡೆದುಹಾಕಿ.

ಇದಾವುದೂ ಆಗದೆ ಸೋಮವಾರ ನಿಮ್ಮ ಜನ ತಗಡು ಹಿಡಿದು ಬರುವುದಾದರೆ ಬರಲಿ, ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಶಿವನ ವಾರ ಮನೆಗೆ ಬಂದವರನ್ನು ನಾನು ತಡೆಯುವವಳಲ್ಲ. ಆದರೆ ಅವರ ಜೊತೆ ನೀವೂ ಬರಬೇಕು. ನಿಮ್ಮ ಕೈಯಿಂದಲೇ ಗುಂಡಿಯನ್ನು ಎಪ್ಪತ್ತೈದಕ್ಕೆ ತಿರುವಿ. ಚಹಾ ಮಾಡಿಕೊಡುತ್ತೇನೆ, ಕುಡಿಯುವುದರಲ್ಲಿ ನೀರು ಕಾಯುತ್ತದೆ. ಆಮೇಲೆ ಬಕೀಟು ತುಂಬಿಸಿ ನಿಮ್ಮ ಕೈಯನ್ನು ಅದರಲ್ಲಿ ಇಡಿ. ನಾನು ಎದುರಿಗೆ ನಿಂತು, ಅವಸರ ಮಾಡದೆ, ನಿಧಾನವನ್ನೂ ಮಾಡದೆ, ಒಂದೇ ಒಂದು ಸಲ ಓಂ ನಮಃ ಶಿವಾಯ ಅನ್ನುತ್ತೇನೆ. ಅಷ್ಟು ಹೊತ್ತು ನಿಮ್ಮ ಕೈ ನೀರಿನಲ್ಲಿ ನಿಂತರೆ, ಅಲ್ಲಿಯೇ ತಪ್ಪೊಪ್ಪಿಗೆಗೆ ಸಹಿ ಹಾಕಿ, ಬಸುರಿ ಮಗಳನ್ನೂ ಮುದುಕಿಯನ್ನೂ ಕರೆದುಕೊಂಡು ಅದೇ ದಿನ ಮನೆ ಬಿಡುತ್ತೇನೆ. ಇದು ದೇವರ ಮೇಲಿನ ಮಾತು.

ಕೈ ಹಾಕಲು ಮನಸ್ಸಾಗದಿದ್ದರೆ ನಾಚಿಕೆ ಪಡಬೇಡಿ. ಯಾವ ತಿಳಿದ ಮನುಷ್ಯನಿಗೂ ಮನಸ್ಸಾಗುವುದಿಲ್ಲ. ಆ ಮನಸ್ಸಾಗದಿರುವುದನ್ನೇ ಆದೇಶವಾಗಿ ಬರೆದು ಕಳಿಸಿ.

ಇಂತಿ,
ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಕ್ವಾರ್ಟರ್ಸಿನಲ್ಲಿ ಇರುವಳೋ ಇಲ್ಲವೋ ತಿಳಿಯದ,
ಆದರೆ ಕೂಸಿಗೆ ಎರೆಯುವುದನ್ನು ಮಾತ್ರ ಬಿಡದ,
ಹೊನ್ನವ್ವ